ಹೊಸ ನಾಟಕಕಾರನಿಗೆ ಬೋಣಿ ಮಾಡುವವರು ಯಾರು?

(ಗಿರಣಿ ಕಾರ್ಮಿಕರ ವಾಚನಾಲಯದ ವಾರ್ಷಿಕ ಸಮಾರಂಭದಲ್ಲಿ, ನಾಟಕ ಪ್ರಾರಂಭವಾಗುವ ಮುನ್ನ ಮಾಡಿದ ಭಾಷಣದ ಬರಹರೂಪ. — ಸಂ.)



ತಾವು ಈ ಹೊತ್ತು ಇಲ್ಲಿಗೆ ಬಂದಿರುವುದು ನಾಟಕ ನೋಡುವುದಕ್ಕೆ, ನನ್ನ ಮಾತು ಕೇಳುವುದಕ್ಕಲ್ಲ. ಅಷ್ಟು ನನಗೆ ಗೊತ್ತಿದೆ. ಮುಂದಿನ ಸಾಲಿನ ಮಕ್ಕಳು ಆಗಲೇ ಪರದೆಯ ಅಂಚನ್ನೆತ್ತಿ ಒಳಗೆ ಇಣುಕಿ ನೋಡಿ ಬಂದಿದ್ದಾರೆ. ರಾತ್ರಿ ಪಾಳಿಗೆ ಹೋಗಬೇಕಾದ ಕೆಲವರು ಬಾಗಿಲ ಬಳಿ ನಿಂತಿದ್ದಾರೆ. ಅವರಿಗೆ ಮೊದಲ ಅಂಕವಾದರೂ ಸಿಗಬೇಕು. ಆದುದರಿಂದ ಬೇಗ ಮುಗಿಸುತ್ತೇನೆಂದು ಕಾರ್ಯದರ್ಶಿಗಳಿಗೆ ಮಾತು ಕೊಟ್ಟಿದ್ದೇನೆ. ಅಂಗಡಿಕಾರನ ಮಾತು, ತಾವು ಸ್ವಲ್ಪ ತೂಕ ಕಡಿಮೆ ಹಿಡಿದೇ ಎಣಿಸಿಕೊಳ್ಳಿ.

ಈ ರಾತ್ರಿಯ ನಾಟಕವನ್ನು ಬರೆದಾಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂಡುವ ಹೆಣ್ಣುಮಗಳು. ಇದು ಆಕೆಯ ಮೊದಲ ನಾಟಕ. ಹೆಸರು ಕರಪತ್ರದಲ್ಲಿದೆ. ಆಕೆಯನ್ನು ಹೊಗಳುವುದಕ್ಕೆ ನಾನು ಎದ್ದು ನಿಂತಿಲ್ಲ. ನಾಟಕ ನೋಡುವ ಮೊದಲೇ ಹೊಗಳುವುದು ಅದನ್ನು ನೋಡದೇ ಇರುವುದಕ್ಕೆ ಒಂದು ಉಪಾಯ. ನಾನು ಮಾತನಾಡಬೇಕೆಂದಿರುವುದು ನಮ್ಮ ವಿಷಯ, ಈಚೆ ಕುಳಿತವರ ವಿಷಯ.

ಬೋಣಿ ಎಂಬ ಮಾತನ್ನು ಪೇಟೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಕದ ತೆಗೆದು, ಕಸ ಹೊಡೆದು, ದೀಪ ಹಚ್ಚಿ ಕುಳಿತ ಮೇಲೆ ಮೊದಲ ಗಿರಾಕಿ ಬರುವವರೆಗೆ ನಮ್ಮ ಜೀವ ಒಂದು ತೆರನಾಗಿರುತ್ತದೆ. ಆತ ಬರಿಯ ಬೆಂಕಿಪೆಟ್ಟಿಗೆ ಕೊಂಡರೂ ಸರಿ, ಆ ಹಣವನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕುತ್ತೇವೆ. ಸಂಜೆ ಬಂದು ಸಾವಿರ ರೂಪಾಯಿಯ ಸಾಮಾನು ಒಯ್ಯುವವನಿಗೆ ಆ ಮರ್ಯಾದೆ ಇಲ್ಲ. ನಾಟಕ ಬರೆಯುವವನಿಗೂ ಚಿತ್ರ ತೆಗೆಯುವವನಿಗೂ ಅಂಥದೇ ಒಂದು ಬೋಣಿಯುಂಟು. ಹೆಸರಾದ ಮೇಲೆ ಅವನ ಕೊರಳಿಗೆ ಹಾರ ಹಾಕುವವರು ಸಾಲುಗಟ್ಟಿ ಬರುತ್ತಾರೆ. ಹೆಸರಿಲ್ಲದಾಗ, ಮೊದಲ ಹಸ್ತಪ್ರತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಾಗ, ಅದನ್ನು ಯಾರು ತೆಗೆದುಕೊಳ್ಳುತ್ತಾರೆ? ನಮ್ಮ ಊರಿನಲ್ಲಿ ಯಾರು?

ಇದಕ್ಕೆ ಉತ್ತರ ಕೊಡುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

ನೂಲಿನ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ನನ್ನ ಅಂಗಡಿಗೆ ವಾರಕ್ಕೊಮ್ಮೆ ಚಹಾಪುಡಿಗೂ ಸಕ್ಕರೆಗೂ ಬರುತ್ತಿದ್ದ. ನಾನು ವಾಚನಾಲಯದ ನಾಟಕ ಸಮಿತಿಯಲ್ಲಿದ್ದೇನೆಂದು ಅವನಿಗೆ ಯಾರೋ ಹೇಳಿದ್ದರು. ಒಂದು ದಿನ ಒಂದು ನೋಟುಬುಕ್ಕನ್ನು ನೂಲಿನಿಂದ ಅಡ್ಡ ಉದ್ದ ಕಟ್ಟಿ ತಂದು, ‘ನಾಟಕ ಬರದೀನ್ರಿ, ಬಿಡುವಾದಾಗ ನೋಡ್ರಿ’ ಎಂದು ಕೊಟ್ಟ. ನಾನು ಅದನ್ನು ಉದ್ರಿ ಖಾತೆಯ ಪುಸ್ತಕದ ಕೆಳಗಿಟ್ಟೆ. ಎಂಟು ತಿಂಗಳು ಅದು ಅಲ್ಲೇ ಇತ್ತು. ಅವನು ಪ್ರತಿ ವಾರ ಬರುತ್ತಿದ್ದ, ಚಹಾಪುಡಿ ಕಟ್ಟಿಸಿಕೊಳ್ಳುವಾಗ ಒಮ್ಮೆ ಆ ಕಡೆ ಕಣ್ಣು ಹಾಯಿಸುತ್ತಿದ್ದ, ಕೇಳುತ್ತಿರಲಿಲ್ಲ. ಕೊನೆಗೆ ತಿರುಪ್ಪೂರಿಗೆ ಕೆಲಸಕ್ಕೆ ಹೊರಟ ದಿನ ಬಂದು, ‘ಓದಿದ್ರೇನ್ರಿ?’ ಎಂದ. ‘ಓದಿದೆನಪ್ಪ, ಚೆನ್ನಾಗಿದೆ’ ಎಂದೆ. ನೋಟುಬುಕ್ಕನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟೆ. ಅವನು ಅದನ್ನು ನೋಡಿದ. ಅವನು ಕಟ್ಟಿದ ನೂಲು ಹಾಗೆಯೇ ಇತ್ತು. ಗಿರಣಿಯವರು ಹಾಕುವ ಗಂಟು ಎಂಥದೆಂದು ನಿಮಗೆ ಗೊತ್ತು. ಅದನ್ನು ನಾನು ಬಿಚ್ಚಿದ್ದರೆ ಮತ್ತೆ ಹಾಗೆ ಹಾಕಲು ನನ್ನಿಂದ ಆಗುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಏನೂ ಅನ್ನಲಿಲ್ಲ. ‘ಇರ್ಲಿ ಬಿಡ್ರಿ, ನಿಮ್ಮ ಹತ್ರಾನ ಇರ್ಲಿ’ ಎಂದು ಹೋದ.

ಬಂಧುಗಳೇ, ನಾನು ಆ ಹುಡುಗನ ನಾಟಕವನ್ನು ತಿರಸ್ಕರಿಸಲಿಲ್ಲ. ತಿರಸ್ಕರಿಸಿದ್ದರೆ ವಾಸಿಯಾಗಿತ್ತು. ಈ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಡಬ್ಲಿನ್ ನಗರದ ಒಬ್ಬ ಕೂಲಿಕಾರನ ಕಥೆಯನ್ನು ಕೇಳಬೇಕು.

ಶಾನ್ ಓಕೇಸಿ ಎಂಬವನು ಐರ್‍ಲೆಂಡಿನ ಡಬ್ಲಿನ್ನಿನಲ್ಲಿ ೧೮೮೦ರಲ್ಲಿ ಹುಟ್ಟಿದ. ಚಿಕ್ಕಂದಿನಿಂದ ಕಣ್ಣಿನ ಬೇನೆ. ಶಾಲೆ ಸರಿಯಾಗಿ ಆಗಲಿಲ್ಲ. ರೈಲ್ವೆಯಲ್ಲಿ ಹಲವು ವರ್ಷ ಗುದ್ದಲಿ ಸಲಿಕೆ ಹಿಡಿದು ದುಡಿದ. ಜಿಮ್ ಲಾರ್ಕಿನ್ ಕಟ್ಟಿದ ಕಾರ್ಮಿಕ ಸಂಘದಲ್ಲಿ ಸೇರಿದ. ೧೯೧೩ರಲ್ಲಿ ಮಾಲೀಕರೆಲ್ಲ ಒಂದಾಗಿ ಬೀಗಮುದ್ರೆ ಹಾಕಿದಾಗ ಸಂಘದ ಪರವಾಗಿ ಕೆಲಸ ಮಾಡಿದ. ಕೂಲಿಯಿಂದ ಬಂದ ಮೇಲೆ ಬರೆಯುವುದು ಅವನ ಹುಚ್ಚು. ಆ ಊರಿನಲ್ಲಿ ಅಬ್ಬೆ ಎಂಬ ರಂಗಮಂದಿರವಿತ್ತು. ಕವಿ ಯೇಟ್ಸ್, ಲೇಡಿ ಗ್ರೆಗರಿ ಎಂಬ ಹಿರಿಯ ಹೆಂಗಸು, ಇವರೆಲ್ಲ ಸೇರಿ ನಡೆಸುತ್ತಿದ್ದ ಸಂಸ್ಥೆ. ಓಕೇಸಿ ಅಲ್ಲಿಗೆ ಒಂದು ನಾಟಕ ಕಳಿಸಿದ, ಹಿಂದಕ್ಕೆ ಬಂತು. ಇನ್ನೊಂದು ಕಳಿಸಿದ, ಅದೂ ಬಂತು. ಮೂರನೆಯದೂ ಬಂತು.

ಆದರೆ ಅವು ಹೇಗೆ ಬಂದವು ನೋಡಿ. ಓದಿಸಿಕೊಂಡು ಬಂದವು. ಇಲ್ಲಿ ಸಡಿಲವಾಗಿದೆ, ಇಲ್ಲಿ ನಂಬಿಕೆ ಹುಟ್ಟುವುದಿಲ್ಲ ಎಂಬ ಟೀಕೆ ಜೊತೆಗಿತ್ತು. ಯೇಟ್ಸನ ಅಭಿಪ್ರಾಯವಂತೂ ಖಾರವಾಗಿಯೇ ಇತ್ತು. ಲೇಡಿ ಗ್ರೆಗರಿ ಮಾತ್ರ, ನಿನ್ನ ಶಕ್ತಿಯಿರುವುದು ಮನುಷ್ಯರನ್ನು ಚಿತ್ರಿಸುವುದರಲ್ಲಿ, ಅದನ್ನು ಹಿಡಿದುಕೊ ಎಂಬ ಅರ್ಥದಲ್ಲಿ ಅವನಿಗೆ ಹೇಳಿದಳು. ಜಮೀನ್ದಾರರ ಮನೆತನದ ಮುದುಕಿ ಮತ್ತು ಬಾಡಿಗೆ ಕೋಣೆಯ ಕೂಲಿಕಾರ. ಇವರಿಬ್ಬರ ನಡುವೆ ಒಂದು ಹಸ್ತಪ್ರತಿ ಹೋಗುತ್ತ ಬರುತ್ತ ಇತ್ತು. ೧೯೨೩ರಲ್ಲಿ ಅವನ ಒಂದು ನಾಟಕವನ್ನು ಅಬ್ಬೆ ಆಡಿತು. ಆಗ ಅವನ ವಯಸ್ಸು ೪೩. ಡಬ್ಲಿನ್ನಿನ ಕೊಳಚೆ ವಠಾರದ ಒಂದು ಕೋಣೆ, ಹೊರಗೆ ಗುಂಡಿನ ಸದ್ದು, ಒಳಗೆ ಬಡಾಯಿ ಕೊಚ್ಚುವ ಬಡವರು. ಅವನು ಕಂಡದ್ದನ್ನೇ ಬರೆದಿದ್ದ. ಮರುವರ್ಷ ‘ಜೂನೋ ಅಂಡ್ ದಿ ಪೇಕಾಕ್’ ಬಂತು. ಮೊದಲ ನಾಟಕ ಆಡಿದ ಮೇಲೂ ಅವನು ಕೂಲಿ ಬಿಟ್ಟಿರಲಿಲ್ಲ. ಇದು ಬಂದ ನಂತರವೇ ಬಿಟ್ಟದ್ದು. ಮತ್ತೊಂದು ಸಂಗತಿ: ಆ ಕಾಲಕ್ಕೆ ಅಬ್ಬೆ ರಂಗಮಂದಿರ ಸಾಲದಲ್ಲಿ ಮುಳುಗುತ್ತಿತ್ತು. ಜನ ತುಂಬಿಸಿ ಅದನ್ನು ಎತ್ತಿದ್ದು ಇದೇ ಕೂಲಿಕಾರನ ನಾಟಕಗಳು. ಅವರು ಅವನಿಗೆ ಮಾಡಿದ ಉಪಕಾರ ಮೂರು ವರ್ಷದೊಳಗೆ ಬಡ್ಡಿಸಹಿತ ಮರಳಿತು.

ಕಥೆ ಇಲ್ಲಿಗೆ ಸಿಹಿಯಾಗಿ ಮುಗಿಯುವುದಿಲ್ಲ. ೧೯೨೮ರಲ್ಲಿ ಅವನು ಮಹಾಯುದ್ಧದ ಮೇಲೆ ಬರೆದ ‘ದಿ ಸಿಲ್ವರ್ ಟಾಸಿ’ ಎಂಬ ನಾಟಕವನ್ನು ಅದೇ ಅಬ್ಬೆ ಬೇಡವೆಂದಿತು. ಅಷ್ಟರಲ್ಲಿ ಲಂಡನ್ನಿಗೆ ಹೋಗಿ ನೆಲೆಸಿದ್ದ ಓಕೇಸಿ ಸಿಟ್ಟಿನಿಂದ ಜಗಳವಾಡಿದ, ಸಂಬಂಧ ಕಡಿಯಿತು. ಯೇಟ್ಸ್ ತಪ್ಪು ಮಾಡಿದನೆಂದೇ ನನ್ನ ಎಣಿಕೆ. ದೊಡ್ಡ ಕವಿಗಳೂ ಹೊಸ ತೆರನ ನಾಟಕದ ಮುಂದೆ ನನ್ನಂಥ ಕಿರಾಣಿಯವನ ಹಾಗೆ ತಬ್ಬಿಬ್ಬಾಗುವುದುಂಟು. ಆದರೂ ಮೊದಲ ಮೂರು ಸಲ ‘ಬೇಡ’ ಎಂದದ್ದಕ್ಕೂ ನಾನು ಎಂಟು ತಿಂಗಳು ಸುಮ್ಮನಿದ್ದುದಕ್ಕೂ ಬಹಳ ಅಂತರವಿದೆ.

ಇನ್ನು ಹಣದ ಮಾತು. ಆ ಅಬ್ಬೆ ರಂಗಮಂದಿರದ ಕಟ್ಟಡ ೧೯೦೪ರಲ್ಲಿ ಬಂದದ್ದು ಆನಿ ಹಾರ್ನಿಮನ್ ಎಂಬ ಇಂಗ್ಲಿಷ್ ಹೆಂಗಸಿನ ಹಣದಿಂದ. ಹಾರ್ನಿಮನ್ನರು ಚಹಾ ವ್ಯಾಪಾರದ ಮನೆತನದವರು. ಚಹಾಪುಡಿ ಮಾರುವ ನನಗೆ ಈ ಹೆಸರು ಅದರಿಂದಲೇ ನೆನಪಿನಲ್ಲಿ ಉಳಿಯಿತು. ಆಕೆ ಐರಿಷರೊಡನೆ ಮುನಿಸಿಕೊಂಡು ೧೯೧೦ರ ಹೊತ್ತಿಗೆ ಅಲ್ಲಿಂದ ಕೈ ತೆಗೆದಳು. ಅದಕ್ಕೆ ಮೊದಲೇ, ೧೯೦೮ರಲ್ಲಿ, ಹತ್ತಿ ಗಿರಣಿಗಳ ರಾಜಧಾನಿಯಾದ ಮ್ಯಾಂಚೆಸ್ಟರಿನಲ್ಲಿ ಗೇಯ್ಟಿ ಎಂಬ ರಂಗಮಂದಿರವನ್ನು ಕೊಂಡಿದ್ದಳು. ಅಲ್ಲಿ ಆ ಊರ ಸುತ್ತಿನ ಹೊಸಬರ ನಾಟಕಗಳಿಗೆ ಸ್ಥಳ ಸಿಕ್ಕಿತು. ಸ್ಟಾನ್ಲಿ ಹೂಟನ್ ಎಂಬ ತರುಣ ತಂದೆಯ ಹತ್ತಿ ವ್ಯಾಪಾರದ ಕಚೇರಿಯಲ್ಲಿ ಕೆಲಸ ಮಾಡುತ್ತ ನಾಟಕ ಬರೆಯುತ್ತಿದ್ದ. ೧೯೧೨ರಲ್ಲಿ ಅವನ ‘ಹಿಂಡ್ಲ್ ವೇಕ್ಸ್’ ಬಂತು. ಅದರ ನಾಯಕಿ ಫ್ಯಾನಿ ಎಂಬ ಗಿರಣಿಯ ನೇಕಾರ್ತಿ. ಗಿರಣಿ ಮಾಲೀಕನ ಮಗನ ಜೊತೆ ರಜೆ ಕಳೆದು ಬಂದದ್ದು ಬಯಲಾಗಿ, ಎರಡೂ ಮನೆಯ ಹಿರಿಯರು ಕುಳಿತು ಮದುವೆ ಗೊತ್ತುಮಾಡುತ್ತಾರೆ. ಹುಡುಗಿಯನ್ನು ಯಾರೂ ಕೇಳಿರುವುದಿಲ್ಲ. ಕೊನೆಗೆ ಆಕೆ, ನನಗೆ ಅವನು ಬೇಡ, ಗಿರಣಿ ಇರುವವರೆಗೆ ನನ್ನ ಅನ್ನ ನಾನು ದುಡಿದು ಉಣ್ಣುತ್ತೇನೆ ಎಂಬ ಧಾಟಿಯಲ್ಲಿ ಹೇಳಿ ಹೊರಟುಬಿಡುತ್ತಾಳೆ. ನೂರು ವರ್ಷದ ಹಿಂದೆ ಈ ನಾಟಕ ಎಬ್ಬಿಸಿದ ಗದ್ದಲವನ್ನು ತಾವೇ ಊಹಿಸಬಹುದು. ನಮ್ಮ ಊರಿನಲ್ಲಾದರೆ ಈಗಲೂ ಎಬ್ಬಿಸೀತು.

ಹೂಟನ್ ೧೯೧೩ರಲ್ಲಿ, ೩೨ ವರ್ಷಕ್ಕೇ ತೀರಿಕೊಂಡ. ಗೇಯ್ಟಿಯ ನಾಟಕ ಮಂಡಳಿ ೧೯೧೭ರಲ್ಲಿ ಚದುರಿತು. ಆಮೇಲೆ ಕಟ್ಟಡ ಸಿನೇಮಾದವರ ಕೈಗೆ ಹೋಯಿತು. ಒಬ್ಬರ ಗಂಟಿನಿಂದ ನಡೆದ ಕೆಲಸ ಆ ಗಂಟು ಕರಗಿದಾಗ ನಿಂತಿತು. ಆ ಮಹಾತಾಯಿಯನ್ನು ನಾನು ಹಳಿಯುವುದಿಲ್ಲ. ಹತ್ತು ವರ್ಷ ನಡೆಸಿದ್ದೇನು ಕಡಿಮೆಯಲ್ಲ. ಆದರೆ ನಮ್ಮ ಊರಿನಲ್ಲಿ ಅಂಥ ಚಹಾದ ಸಾಹುಕಾರ್ತಿ ಹುಟ್ಟುವವರೆಗೆ ಕಾಯುತ್ತ ಕುಳಿತುಕೊಳ್ಳೋಣವೇ?

ಕಾಯಬೇಕಾಗಿಲ್ಲ ಎಂಬುದಕ್ಕೆ ಸಾಕ್ಷಿ ನಮ್ಮ ನಾಡಿನಲ್ಲಿಯೇ, ಧಾರವಾಡದಲ್ಲಿದೆ. ಸುಭಾಷ ರಸ್ತೆಯ ಒಂದು ಅಟ್ಟ. ಮನೋಹರ ಗ್ರಂಥಮಾಲೆ. ಇದು ೧೯೩೩ರಲ್ಲಿ ಪ್ರಾರಂಭವಾಯಿತು. ನಡೆಸಿದವರು ಶ್ರೀ ಜಿ.ಬಿ. ಜೋಶಿಯವರು, ಜಡಭರತ ಎಂಬ ಹೆಸರಿನಿಂದ ತಾವೂ ನಾಟಕ ಬರೆದವರು. ಇವರ ಬೆನ್ನ ಹಿಂದೆ ಗಿರಣಿಯಿರಲಿಲ್ಲ, ತೋಟವಿರಲಿಲ್ಲ. ಇದ್ದದ್ದು ಚಂದಾದಾರರ ಪಟ್ಟಿ.

ಈ ಚಂದಾ ಪದ್ಧತಿಯ ಒಳಗುಟ್ಟನ್ನು ಲೆಕ್ಕ ಬಲ್ಲವರು ಗಮನಿಸಬೇಕು. ಓದುಗನು ವರ್ಷದ ಹಣವನ್ನು ಮುಂಗಡ ಕೊಡುತ್ತಾನೆ. ವರ್ಷದಲ್ಲಿ ಬರುವ ಪುಸ್ತಕಗಳು ಅವನ ಮನೆಗೆ ಬರುತ್ತವೆ. ಯಾವ ಪುಸ್ತಕವೆಂಬುದನ್ನು ಆರಿಸುವುದು ಅವನಲ್ಲ, ಅಟ್ಟದವರು. ಆದುದರಿಂದ ಹೆಸರಾದ ಕವಿಯ ಪುಸ್ತಕದ ಜೊತೆಗೆ ಯಾರೂ ಕೇಳರಿಯದ ಹುಡುಗನ ಪುಸ್ತಕವೂ ಅದೇ ಕಟ್ಟಿನಲ್ಲಿ ಹೋಗುತ್ತದೆ. ಹುಡುಗನ ಪುಸ್ತಕ ಅಚ್ಚಾದ ದಿನವೇ ಅದಕ್ಕೆ ಓದುಗರು ಗೊತ್ತಾಗಿರುತ್ತಾರೆ. ಅಚ್ಚಿನ ಖರ್ಚಿಗೆ ಅವನು ಹೆಂಡತಿಯ ಬಳೆ ಅಡವಿಡಬೇಕಾಗಿಲ್ಲ, ಆಮೇಲೆ ಪ್ರತಿಗಳ ಗಂಟು ಹೊತ್ತು ಗೆಳೆಯರ ಮನೆ ಬಾಗಿಲು ತಟ್ಟಬೇಕಾಗಿಲ್ಲ. ಶಾಲೆಯ ಮಾಸ್ತರರು, ವಕೀಲರು, ಗುಮಾಸ್ತರು, ಅಂಗಡಿಯವರು ಕೊಟ್ಟ ಸಣ್ಣ ಸಣ್ಣ ಮೊತ್ತಗಳು ಕೂಡಿ ಅಪರಿಚಿತನೊಬ್ಬನಿಗೆ ಬೋಣಿಯಾಗುತ್ತಿದ್ದವು. ಕೊಟ್ಟವರಿಗೂ ಅದು ಗೊತ್ತಿರಲಿಲ್ಲವೇನೋ.

ಆ ಕಟ್ಟಿನಲ್ಲಿ ೧೯೬೧ರಲ್ಲಿ ‘ಯಯಾತಿ’ ಎಂಬ ನಾಟಕ ಹೋಯಿತು. ಬರೆದವರು ಗಿರೀಶ ಕಾರ್ನಾಡ ಎಂಬ ತರುಣ. ಧಾರವಾಡದಲ್ಲಿ ಗಣಿತ ಓದಿ, ವಿದ್ಯಾರ್ಥಿವೇತನ ಪಡೆದು ೧೯೬೦ರಲ್ಲಿ ಆಕ್ಸ್‌ಫರ್ಡಿಗೆ ಹೊರಟವರು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬುದು ಅವರ ಆಸೆಯಾಗಿತ್ತು. ಕೈಯಿಂದ ಬಂದದ್ದು ಕನ್ನಡದ ನಾಟಕ. ಅದನ್ನು ಕಂಡು ತಮಗೇ ಆಶ್ಚರ್ಯವಾಯಿತೆಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಹಡಗು ಹತ್ತುವ ಕಾಲದ ಹುಡುಗನ ಬರಹ ಅಟ್ಟದವರ ಕೈಗೆ ಬಂತು, ಅಚ್ಚಾಯಿತು.

‘ಅವರು ವೈದ್ಯರ ಮಗ, ಆಕ್ಸ್‌ಫರ್ಡಿನಲ್ಲಿ ಓದಿದವರು, ಅವರಿಗೇನು ಕಡಿಮೆ’ ಎಂದು ನಮ್ಮವರು ಯಾರಾದರೂ ಅಂದಾರು. ಸರಿಯೇ. ಅವರು ಓಕೇಸಿಯಲ್ಲ, ನಮ್ಮ ನೂಲಿನ ಗಿರಣಿಯ ಹುಡುಗನೂ ಅಲ್ಲ. ಆದರೆ ಆ ಎಲ್ಲ ಅನುಕೂಲವಿದ್ದವರಿಗೂ ತಮ್ಮ ಭಾಷೆಯಲ್ಲಿ ಒಬ್ಬ ಮೊದಲ ಓದುಗ ಬೇಕಾಗಿದ್ದ. ಅದು ಸಿಕ್ಕದಿದ್ದರೆ ಎರಡನೆಯ ನಾಟಕ ಕನ್ನಡದಲ್ಲಿ ಬರುತ್ತಿತ್ತೋ ಇಲ್ಲವೋ, ಹೇಳಬಲ್ಲವರು ಯಾರು? ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರಿದ್ದರು. ಕನ್ನಡದಲ್ಲಿ ನಿಜವಾದ ಐತಿಹಾಸಿಕ ನಾಟಕವೇ ಇಲ್ಲವೆಂಬ ಅವರ ಟೀಕೆ ತಮ್ಮನ್ನು ಕೆಣಕಿ, ಇತಿಹಾಸದ ಕಡೆಗೆ ತಿರುಗಿಸಿತೆಂದು ಕಾರ್ನಾಡರೇ ಹೇಳಿದ್ದುಂಟು. ೧೯೬೪ರಲ್ಲಿ ‘ತುಘಲಕ್’ ಬಂತು. ಬರೆದವರಿಗೆ ಆಗ ೨೬ ವರ್ಷ. ಅದನ್ನು ದೇಶದ ಎಷ್ಟು ಭಾಷೆಗಳಲ್ಲಿ ಆಡಿದರೆಂಬುದನ್ನು ನಾನು ಹೇಳಬೇಕಾಗಿಲ್ಲ. ಜ್ಞಾನಪೀಠ ಪ್ರಶಸ್ತಿ ಬಂದದ್ದು ೧೯೯೮ರಲ್ಲಿ. ಅಟ್ಟದವರು ಕೈ ಹಿಡಿದು ೩೭ ವರ್ಷಗಳಾದ ಮೇಲೆ.

ಓದು ಬರಹ ಬಲ್ಲ ಧಾರವಾಡದ ಮಾತಾಯಿತು. ನಾಟಕ ಕಂಪನಿಯವರ ಮಾತು ಬೇರೆ. ಗುಬ್ಬಿ ವೀರಣ್ಣನವರ ಕಂಪನಿಗೆ ದಕ್ಷಿಣ ಕನ್ನಡದ ಮಂಚಿ ಗ್ರಾಮದ ಕಡೆಯ ಒಬ್ಬ ಹುಡುಗ ಮನೆ ಬಿಟ್ಟು ಓಡಿ ಬಂದು ಸೇರಿದ. ಅಂಥ ಹುಡುಗರು ನೂರಾರು ಬರುತ್ತಿದ್ದರು. ಬಣ್ಣ ಹಚ್ಚಿಸಿ, ಊಟ ಹಾಕಿ, ದುಡಿಸಿಕೊಳ್ಳುವುದು ಪದ್ಧತಿ. ವೀರಣ್ಣನವರು ಈ ಹುಡುಗನನ್ನು ಕಾಶಿಗೆ ಕಳಿಸಿ ಹಿಂದಿಯಲ್ಲಿ ಎಂ.ಎ. ಓದಿಸಿದರು. ಅವನು ಅಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತವನ್ನೂ ಕಲಿತ. ಅವರೇ ಬಿ.ವಿ. ಕಾರಂತರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ೧೯೬೨ರಲ್ಲಿ ಪದವಿ ಪಡೆದು, ೧೯೭೭ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. ೧೯೮೯ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಕಂಪನಿ ಮಾಲೀಕನೊಬ್ಬ ತನ್ನ ಕೈಕೆಳಗಿನ ಹುಡುಗನನ್ನು ತನ್ನ ಕಂಪನಿಗೆ ಮರಳಿ ಬಾರದಿರಬಹುದಾದ ದಾರಿಗೆ ಹಚ್ಚಿದ್ದು ಸಣ್ಣ ಸಂಗತಿಯಲ್ಲ. ಹಾಗೆಂದು ಕಂಪನಿಗಳ ಕಾಲವನ್ನೆಲ್ಲ ಚಿನ್ನವೆನ್ನಲು ನಾನು ಸಿದ್ಧನಿಲ್ಲ. ಕಂಪನಿಯ ಕವಿ ಸಂಬಳದ ಆಳು. ಅವನು ಬರೆದ ನಾಟಕ ಕಂಪನಿಯ ಸೊತ್ತು. ಬೇರೆಯವರು ಆಡಿಬಿಟ್ಟಾರೆಂದು ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಿದ್ದ ನಾಟಕಗಳು ಪೆಟ್ಟಿಗೆಯಲ್ಲಿಯೇ ಹುಳ ಹಿಡಿದು ಹೋದವು.

ಈಗಿನ ಕಾಲಕ್ಕೆ ಬರೋಣ. ಸರ್ಕಾರದ ನೆರವು ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ೩೫ ವರ್ಷದೊಳಗಿನ ಬರಹಗಾರರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ೨೦೧೧ರಿಂದ ಯುವ ಪುರಸ್ಕಾರ ಕೊಡುತ್ತ ಬಂದಿದೆ. ತರುಣ ಕಲಾವಿದರಿಗೆ ಸಂಗೀತ ನಾಟಕ ಅಕಾಡೆಮಿ ಬಿಸ್ಮಿಲ್ಲಾ ಖಾನರ ಹೆಸರಿನಲ್ಲಿ ಒಂದು ಪುರಸ್ಕಾರವನ್ನು ೨೦೦೬ರಲ್ಲಿ ಹುಟ್ಟುಹಾಕಿತು. ನಮ್ಮ ರಾಜ್ಯದ ಪುಸ್ತಕ ಪ್ರಾಧಿಕಾರವು ಚೊಚ್ಚಲ ಕೃತಿಗೆ ಸಹಾಯಧನ ಕೊಡುವ ಯೋಜನೆ ಇಟ್ಟಿದೆ. ಊರಿನ ಹುಡುಗರಿಗೆ ಇದು ತಿಳಿದಿಲ್ಲ, ವಾಚನಾಲಯದ ಫಲಕದ ಮೇಲೆ ಬರೆದು ಹಾಕಬೇಕು. ಆದರೂ ನಾಟಕದ ಗತಿ ಬೇರೆ. ಕವಿತೆ ಅಚ್ಚಾದರೆ ಮುಗಿಯಿತು. ನಾಟಕ ಅಚ್ಚಾದರೆ ಅರ್ಧ ಮಾತ್ರ. ನಟರ ಬಾಯಿಗೆ ಬಂದು, ಜನ ಎಲ್ಲಿ ನಗುತ್ತಾರೆ ಎಲ್ಲಿ ಆಕಳಿಸುತ್ತಾರೆ ಎಂಬುದನ್ನು ಬರೆದವನು ಕಣ್ಣಾರೆ ಕಂಡಾಗಲೇ ಅವನಿಗೆ ತನ್ನ ತಪ್ಪು ತಿಳಿಯುವುದು. ಅದಕ್ಕೆ ಬೇಕಾದದ್ದು ಒಂದು ವೇದಿಕೆ, ಕೆಲವು ನಟರು, ತಾಳ್ಮೆಯ ಪ್ರೇಕ್ಷಕರು. ಇದನ್ನು ಬೆಂಗಳೂರಿನಿಂದ ಮನಿಯಾರ್ಡರಿನಲ್ಲಿ ಕಳಿಸುವುದಕ್ಕೆ ಆಗುವುದಿಲ್ಲ.

ಮಜೂರಿಯ ಮಾತನ್ನೂ ಆಡಿಯೇ ಬಿಡುತ್ತೇನೆ. ನಮ್ಮ ನಾಟಕ ಸಮಿತಿಗಳ ಖರ್ಚಿನ ಪಟ್ಟಿಯನ್ನು ತೆಗೆದು ನೋಡಿ. ಶಾಮಿಯಾನಕ್ಕೆ ಹಣ, ಮೈಕಿನವನಿಗೆ ಮುಂಗಡ, ಬಣ್ಣದವನಿಗೆ, ದೀಪದವನಿಗೆ, ಹಾರದವನಿಗೆ, ಅತಿಥಿಗಳ ಕಾರಿಗೆ. ಬರೆದವನಿಗೆ ಏನು? ಶಾಲು, ಒಂದು ನಿಂಬೆಹಣ್ಣು. ಮೈಕಿನವನಿಗೆ ಶಾಲು ಹೊದಿಸಿ ಕಳಿಸಿ ನೋಡೋಣ! ತಮ್ಮ ಗಾಣದ ಎಣ್ಣೆಯನ್ನು ಯಾರೂ ಹೊಗಳಿಕೆಗೆ ಬದಲಾಗಿ ಅಳೆದು ಕೊಡುವುದಿಲ್ಲ. ಹೆಚ್ಚುವರಿ ಪಾಳಿಯ ಪಗಾರಕ್ಕಾಗಿ ಬಾಗಿಲಲ್ಲಿ ಧರಣಿ ಕುಳಿತ ನಾವು, ಆರು ತಿಂಗಳು ರಾತ್ರಿ ಕುಳಿತು ಬರೆದವನಿಗೆ ‘ಪ್ರಚಾರ ಸಿಗುತ್ತದಲ್ಲ’ ಎನ್ನುತ್ತೇವೆ. ಇದು ಮಾಲೀಕನ ಭಾಷೆ.

ಚಿತ್ರಗಾರರ ಪಾಡೂ ಇದೇ. ಹಿಂದೆ ನಮ್ಮ ಅಂಗಡಿಗಳ ಹಲಗೆಗಳನ್ನು ಊರಿನ ಹುಡುಗರು ಕುಂಚ ಹಿಡಿದು ಬರೆಯುತ್ತಿದ್ದರು, ಎಂ.ಎಫ್. ಹುಸೇನರಂಥವರು ೧೯೩೦ರ ದಶಕದಲ್ಲಿ ಮುಂಬಯಿಯಲ್ಲಿ ಸಿನೇಮಾದ ದೊಡ್ಡ ಫಲಕಗಳಿಗೆ ಬಣ್ಣ ಬಳಿದೇ ಹೊಟ್ಟೆ ಹೊರೆದರು. ಈಗ ಫ್ಲೆಕ್ಸ್ ಬಂದು ಆ ಮೊದಲ ಕೂಲಿ ಹೋಯಿತು. ನನ್ನ ಅಂಗಡಿಯ ಮೇಲೂ ಫ್ಲೆಕ್ಸೇ ಇದೆ. ಇಂದಿನ ನಾಟಕದ ಹಿಂಪರದೆಯನ್ನು ಬರೆದ ಹುಡುಗನಿಗೆ ಅದನ್ನು ಕಿತ್ತು ಹಲಗೆ ಬರೆಯಲು ಹೇಳಿದ್ದೇನೆ. ದರ ಅವನೇ ಹೇಳಲಿ.

ಹೊಟ್ಟೆಗೆ ಸಾಲದ ಕಾಲದಲ್ಲಿ ಸಂಘದ ಹಣವನ್ನು ನಾಟಕಕ್ಕೆ ಯಾಕೆ ಹಾಕಬೇಕೆಂದು ಕಳೆದ ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಇಂಗ್ಲೆಂಡಿನ ಕಾರ್ಮಿಕ ಸಂಘಗಳ ಮಹಾಸಭೆಯಲ್ಲಿ ೧೯೬೦ರಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಹಿಂದೆ ಹೋಟೆಲಿನ ಅಡಿಗೆಮನೆಯಲ್ಲಿ ದುಡಿದು, ಆ ಅಡಿಗೆಮನೆಯನ್ನೇ ನಾಟಕ ಮಾಡಿ ಹೆಸರಾದ ಆರ್ನಲ್ಡ್ ವೆಸ್ಕರ್ ಎಂಬವನು ಸಂಘಗಳ ಬೆನ್ನು ಹತ್ತಿದ್ದ. ಕಲೆಯ ವಿಷಯದಲ್ಲಿ ಕಾರ್ಮಿಕ ಸಂಘಗಳಿಗೂ ಹೊಣೆಯಿದೆ ಎಂಬ ನಿರ್ಣಯ ಪಾಸಾಯಿತು; ಕಾರ್ಯಸೂಚಿಯಲ್ಲಿ ಅದರ ಅಂಕೆ ೪೨. ಆ ಅಂಕೆಯನ್ನೇ ಹೆಸರಾಗಿ ಇಟ್ಟುಕೊಂಡು ವೆಸ್ಕರ್ ಒಂದು ಸಂಸ್ಥೆ ಕಟ್ಟಿ, ೧೯೬೨ರಲ್ಲಿ ಕೈಗಾರಿಕೆಯ ಊರುಗಳಲ್ಲಿ ಉತ್ಸವ ನಡೆಸಿದ. ಜನ ಬಂದರು, ಸಾಲವೂ ಬಂತು. ನಿರ್ಣಯಕ್ಕೆ ಕೈ ಎತ್ತಿದ ಸಂಘಗಳು ಸಾಕಷ್ಟು ಹಣ ಎತ್ತಲಿಲ್ಲ. ಕೆಲವೇ ವರ್ಷಗಳಲ್ಲಿ ಸಂಸ್ಥೆ ಮುಚ್ಚಿತು. ನಾನು ಇದರಿಂದ ತಿಳಿದುಕೊಂಡದ್ದಿಷ್ಟೇ: ಸಂಘದ ನಿಧಿಗೆ ಕೈ ಹಾಕಬೇಡಿ. ಅದು ಮುಷ್ಕರದ ಕಾಲಕ್ಕೆ, ಕಾಯಿಲೆಯ ಕಾಲಕ್ಕೆ ಇರಲಿ. ನಾಟಕಕ್ಕೆ ಬೇರೆ ಚಂದಾ ಪುಸ್ತಕ ತೆಗೆಯೋಣ, ಧಾರವಾಡದವರ ಹಾಗೆ.

ನೂರು ಜನ ತಿಂಗಳಿಗೆ ೨೦ ರೂಪಾಯಿ ಕೊಟ್ಟರೆ ವರ್ಷಕ್ಕೆ ೨೪,೦೦೦ ರೂಪಾಯಿ ಆಗುತ್ತದೆ. ಎರಡು ಲೋಟ ಚಹಾದ ಹಣ. ಚಂದಾದಾರನಿಗೆ ವರ್ಷದಲ್ಲಿ ಮೂರು ನಾಟಕ. ಅವುಗಳಲ್ಲಿ ಒಂದಾದರೂ ಹಿಂದೆ ಎಂದೂ ಆಡದವರದಾಗಿರಬೇಕು. ಯಾವುದೆಂದು ಅವನು ಆರಿಸುವಂತಿಲ್ಲ, ‘ಹಾಸ್ಯವಿದೆಯೇ’ ಎಂದು ಮೊದಲೇ ಕೇಳುವಂತಿಲ್ಲ. ಬರೆದವರಿಗೆ ಮೊದಲು ಹಣ, ಆಮೇಲೆ ಮೈಕಿನವನಿಗೆ. ವಾಚನಾಲಯಕ್ಕೆ ಬಂದ ಹಸ್ತಪ್ರತಿಯನ್ನು ಇಬ್ಬರು ಓದಬೇಕು, ಎರಡು ತಿಂಗಳಲ್ಲಿ ಬರಹದಲ್ಲಿ ಉತ್ತರ ಕೊಡಬೇಕು; ಬೇಡವಾದರೆ ಯಾಕೆ ಬೇಡವೆಂದು ಬರೆಯಬೇಕು. ಓದುವವರಲ್ಲಿ ಒಬ್ಬರು ಮಾಸ್ತರರಿರಲಿ, ಇನ್ನೊಬ್ಬರು ಪಾಳಿಯಲ್ಲಿ ದುಡಿಯುವವರೇ ಇರಲಿ. ಕೆಟ್ಟ ನಾಟಕಗಳು ಬರುತ್ತವೆ. ಹೆಚ್ಚಿನವು ಕೆಟ್ಟವೇ ಬರುತ್ತವೆ. ಓಕೇಸಿಯ ಮೊದಲಿನವು ಚೆನ್ನಾಗಿದ್ದವೆಂದು ಯಾರೂ ಹೇಳುವುದಿಲ್ಲ. ಈ ರಾತ್ರಿಯ ನಾಟಕ ಹೇಗಿದೆಯೋ ನನಗೂ ತಿಳಿಯದು. ಮುಗಿದ ಮೇಲೆ ಅರ್ಧ ಗಂಟೆ ಬರೆದಾಕೆ ಇಲ್ಲಿಯೇ ಕುಳಿತಿರುತ್ತಾಳೆ. ಬೇಸರವಾದ ಕಡೆ ಬೇಸರವಾಯಿತೆಂದು ಮುಖಕ್ಕೆ ಹೇಳಿ. ಹೊರಗೆ ಪಾನಪಟ್ಟಿ ಅಂಗಡಿಯ ಮುಂದೆ ನಿಂತು ಹೇಳಬೇಡಿ.

ಚಂದಾ ಪುಸ್ತಕ ಬಾಗಿಲ ಬಳಿ ಮೇಜಿನ ಮೇಲಿದೆ. ನನ್ನದು ಮೊದಲ ಹೆಸರು. ಅದು ಔದಾರ್ಯವಲ್ಲ, ಹಳೆಯ ಬಾಕಿ.

ಆ ಹುಡುಗನ ನೋಟುಬುಕ್ಕಿನ ಗಂಟನ್ನು ನಾನು ಅವನು ಹೋದ ಮೇಲೆ ಕತ್ತರಿಯಿಂದ ಕತ್ತರಿಸಿ ಓದಿದೆ. ಮೊದಲ ಅಂಕ ಭಾಷಣ, ನನ್ನ ಭಾಷಣದ ಹಾಗೆ. ಎರಡನೆಯ ಅಂಕದಲ್ಲಿ ಒಬ್ಬ ತಾಯಿ ಮಗನ ಪಗಾರವನ್ನು ಎಣಿಸುತ್ತ, ಪ್ರತಿ ನೋಟಿಗೂ ಒಬ್ಬ ಸಾಲಗಾರನ ಹೆಸರು ಹೇಳುತ್ತಾಳೆ; ಕೊನೆಗೆ ಒಂದು ಹತ್ತ ರೂಪಾಯಿ ಉಳಿಯುತ್ತದೆ, ಅದನ್ನು ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯುವುದಿಲ್ಲ. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ನಾಲ್ಕು ಪುಟ ಕಾಗದ ಬರೆದು, ಅವನ ತಾಯಿಯಿಂದ ವಿಳಾಸ ತೆಗೆದುಕೊಂಡು ತಿರುಪ್ಪೂರಿಗೆ ಹಾಕಿದೆ. ಎರಡು ತಿಂಗಳಾಯಿತು, ಉತ್ತರವಿಲ್ಲ. ಮೊನ್ನೆ ಆ ತಾಯಿ ಸಕ್ಕರೆಗೆ ಬಂದಾಗ ಕೇಳಿದೆ. ಕಾಗದ ಮುಟ್ಟಿದೆಯಂತೆ, ಬಿಡುವಾದಾಗ ಓದುತ್ತೇನೆಂದು ಹೇಳಿದನಂತೆ.

ರಾತ್ರಿ ಪಾಳಿಯವರು ಗಡಿಯಾರ ನೋಡುತ್ತಿದ್ದಾರೆ. ದೀಪದವರೇ, ಇನ್ನು ನಿಮ್ಮ ಕೆಲಸ.